ಹಿತ್ತಲ ತರಕಾರಿ: ಮೊದಲು ನೀರು ಹೋಗುವ ದಾರಿ

2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೇ ಬಂತು. ಮೃಗಶಿರೆ ಮಳೆ ಹುಟ್ಟಿದ ಮೇಲೆ ಮೊಗೆ (ಮಂಗಳೂರು ಸೌತೆ), ಹೀರೆ, ಬೆಂಡೆ ಬೀಜ ಹಾಕಿದರಾಯಿತು ಎನ್ನುವ ಲೆಕ್ಕ ಕುಮಟಾ, ಅಂಕೋಲಾದ ಹಿತ್ತಲಲ್ಲೂ ಶಿರಸಿಯ ಅಂಗಳದಲ್ಲೂ ಈಗ ಕೂಡಿಬರುತ್ತಿಲ್ಲ. ಮಳೆಯನ್ನು ಊಹಿಸುತ್ತ ಕೂರುವ ಬದಲು, ಬಿದ್ದ ನೀರು ಅರ್ಧ ಗಂಟೆಯೊಳಗೆ ಗಿಡದ ಬುಡ ಬಿಡುವಂತೆ ಮಾಡಿಟ್ಟುಕೊಳ್ಳಿ. ಮಳೆಗಾಲದಲ್ಲಿ ನಮ್ಮ ಕಡೆ ಹೆಚ್ಚಿನ ಗಿಡಗಳು ಸಾಯುವುದು ಬೇರಿಗೆ ಗಾಳಿ ಸಿಗದೆ.

ಓಳಿ, ಅಂದರೆ ಗಿಡ ನೆಡುವ ಎತ್ತರದ ಮಣ್ಣಿನ ಪಾತಿ, ಏರಿಸುವ ಕೆಲಸ ಏಪ್ರಿಲ್ ಕೊನೆಗೇ ಆಗಬೇಕು. ಹಸಿ ಮಣ್ಣನ್ನು ಗುದ್ದಲಿಯಿಂದ ಎಳೆದರೆ ಮುದ್ದೆ ಕಟ್ಟುತ್ತದೆ. ಅಗಲ 3 ಅಡಿ, ಉದ್ದ 10 ಅಡಿ, ಎತ್ತರ 1 ಅಡಿಗೆ ಕಡಿಮೆ ಬೇಡ. ಮಳೆಗೆ ಕುಸಿದು ಆಗಸ್ಟ್ ಹೊತ್ತಿಗೆ ಮುಕ್ಕಾಲು ಅಡಿ ಉಳಿದೀತು. ಓಳಿಗಳ ನಡುವೆ ಒಂದೂವರೆ ಅಡಿಯ ಬಸಿಗಾಲುವೆ. ಬದಿಗೆ ಚಿರೆಕಲ್ಲು (ಜಂಬಿಟ್ಟಿಗೆ ಕಲ್ಲು) ಇಟ್ಟರೆ ಕಲ್ಲಿನ ನಡುವೆ ಬೆರಳು ತೂರುವಷ್ಟು ಸಂದು ಬಿಡಿ, ಗಾರೆ ಬಳಿಯಬೇಡಿ. ಕಾರವಾರದ ಕಡಲಂಚಿನ ಹೊಯ್ಗೆ (ಮರಳು) ನೆಲಕ್ಕೆ ಅರ್ಧ ಅಡಿ ಎತ್ತರ ಸಾಕು, ಆದರೆ ಅಲ್ಲಿ ಗೊಬ್ಬರ ನಿಲ್ಲುವುದಿಲ್ಲ.

ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ. ಇಷ್ಟು ದೊಡ್ಡ ಓಳಿಗೆ ಅರ್ಧ ಕಿಲೋ ಕೃಷಿ ಸುಣ್ಣ ಬೆರೆಸಿ, ಹದಿನೈದು ದಿನ ಬಿಟ್ಟು 10 ಕಿಲೋ ಕೊಟ್ಟಿಗೆ ಗೊಬ್ಬರ ಹಾಕಿ. ಎರಡನ್ನೂ ಒಟ್ಟಿಗೆ ಕಲಸಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಆಮೇಲಿನ ಗೊಬ್ಬರವೂ ಒಂದೇ ಸಲ ಬೇಡ. ಹದಿನೈದು ದಿನಕ್ಕೊಮ್ಮೆ, ಮಳೆ ಹೊಳವಾದಾಗ (ಬಿಡುವು ಕೊಟ್ಟಾಗ), ಗಿಡಕ್ಕೊಂದು ಹಿಡಿ. ಜೋರು ಮಳೆಗೆ ಮೊದಲು ಸುರಿದದ್ದು ಹಳ್ಳಕ್ಕೆ ಹೋಯಿತೆಂದೇ ತಿಳಿಯಿರಿ.

ಬೀಜವನ್ನು ಮೂರು ಪಾಲು ಮಾಡಿ, ಹನ್ನೆರಡು ದಿನದ ಅಂತರದಲ್ಲಿ ಹಾಕಿ. ಮೇ ಮಳೆ ನಂಬಿಸಿ ಕೈಕೊಟ್ಟರೆ ಮೊದಲ ಪಾಲು ಒಣಗಬಹುದು, ಆರಿದ್ರೆ ಮಳೆಯ ಹೊಡೆತಕ್ಕೆ ಎರಡನೆಯದು ಕೊಳೆಯಬಹುದು. ಮೂರೂ ಹೋಗುವುದು ಅಪರೂಪ. ಮೊಗೆ, ಹೀರೆ, ಹಾಗಲವನ್ನು ತಳಕ್ಕೆ ನಾಲ್ಕು ತೂತು ಹೊಡೆದ ಸಣ್ಣ ಕೊಟ್ಟೆಯಲ್ಲಿ (ಪ್ಲಾಸ್ಟಿಕ್ ಚೀಲದಲ್ಲಿ), ಮಾಡಿನ ಹನಿ ಬೀಳದ ಜಾಗದಲ್ಲಿ ಎಬ್ಬಿಸಿ. ಎರಡು ನಿಜ ಎಲೆ ಮೂಡಿದ ಕೂಡಲೇ ಮಣ್ಣು ಒಡೆಯದಂತೆ ನೆಡಿ, ಬೇರು ಅಲ್ಲಾಡಿದರೆ ಬಳ್ಳಿ ಮುನಿಯುತ್ತದೆ. ಹರಿವೆ ಬೀಜಕ್ಕೆ ಹತ್ತು ಪಾಲು ಮರಳು ಬೆರೆಸಿ ಉದುರಿಸಿ, ಮೊಳಕೆ ಕಾಣುವವರೆಗೆ ಅಡಿಕೆ ಸೋಗೆ ಮುಚ್ಚಿ. ದರಕು (ಉದುರಿದ ಒಣ ಎಲೆ) ಹೊದಿಸುವುದು ಒಳ್ಳೆಯದೇ, ಆದರೆ ಜುಲೈಯಲ್ಲಿ ಅದನ್ನು ಬುಡದಿಂದ ಒಂದು ಗೇಣು ದೂರ ಸರಿಸಿ. ಇಲ್ಲವಾದರೆ ಬಸವನಹುಳ ಅದರಡಿಯೇ ಸಂಸಾರ ಹೂಡುತ್ತದೆ.

ಬಳ್ಳಿ ಸೊಂಪಾಗಿದೆ, ಹೂವೂ ಇದೆ, ಹೀಚು ಮಾತ್ರ ಹಳದಿಯಾಗಿ ಉದುರುತ್ತಿದೆ ಎಂದರೆ ಬಹಳ ಸಲ ಪರಾಗದ ತೊಂದರೆ. ಮೊಗೆ, ಹಾಗಲ, ಕುಂಬಳದ ಹೂ ಬೆಳಿಗ್ಗೆ ಅರಳುತ್ತದೆ. ಆ ಹೊತ್ತಿಗೆ ಮಳೆಯಾದರೆ ಜೇನು ಹೊರಡುವುದಿಲ್ಲ, ನೆನೆದ ಪರಾಗವೂ ಕೆಡುತ್ತದೆ. ಹಿಂದಿನ ಸಂಜೆ, ಮರುದಿನ ಅರಳುವಂತಿರುವ ಗಂಡು ಮೊಗ್ಗನ್ನು ತೊಟ್ಟು ಸಹಿತ ಕೊಯ್ದು ನೀರಿನ ಲೋಟದಲ್ಲಿ ಒಳಗಿಡಿ. ಬೆಳಿಗ್ಗೆ ದಳ ಕಿತ್ತು, ಹಳದಿ ಪುಡಿ ಬೆರಳಿಗೆ ಹತ್ತುವಂತಿದ್ದರೆ, ಪುಟ್ಟ ಕಾಯಿ ಹೊತ್ತ ಹೆಣ್ಣು ಹೂವಿನ ನಡುವೆ ಮೆತ್ತಗೆ ತಿಕ್ಕಿ, ಆ ಹೂವನ್ನು ಎಲೆಯಿಂದ ಮುಚ್ಚಿ. ಹೀರೆ ಸಂಜೆ ಅರಳುವ ಜಾತಿ. ಬೆಳಗಿನ ಮಳೆ ಅದನ್ನು ಕಾಡುವುದಿಲ್ಲ. ಮಳೆಗಾಲಕ್ಕೆ ಒಂದೇ ಚಪ್ಪರ ಹಾಕುವವರು ಹೀರೆಯನ್ನೇ ಹಬ್ಬಿಸಲಿ ಎನ್ನುವುದು ಅದಕ್ಕೇ.

ಬದನೆ, ಟೊಮೆಟೊ ಎಲೆ ಹಸಿರಿದ್ದಂತೆಯೇ ಗಿಡ ಇಡಿಯಾಗಿ ಬಾಡಿದರೆ ನೀರು ಹೊಯ್ಯಬೇಡಿ. ಬುಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ತುದಿ ತಾಗಿಸಿ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯಂಥದ್ದು ಇಳಿದರೆ ದುಂಡಾಣು ಸೊರಗು ರೋಗ. ಅದಕ್ಕೆ ಔಷಧಿಯಿಲ್ಲ. ಗಿಡವನ್ನು ಬೇರಿನ ಮಣ್ಣು ಸಮೇತ ತೆಗೆದು ಆಚೆ ಹಾಕಿ. ಮೂರು ವರ್ಷ ಆ ಓಳಿಗೆ ಬದನೆ, ಟೊಮೆಟೊ, ಮೆಣಸು ಬೇಡ, ಹರಿವೆ, ಬಸಳೆ, ಅಲಸಂದೆ ಇರಲಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಈ ರೋಗ ತಡೆಯುತ್ತದೆ. ಅದು ಹೈಬ್ರಿಡ್, ಬೀಜ ಪ್ರತಿವರ್ಷ ಹೊಸದೇ ಕೊಳ್ಳಬೇಕು.

ಹಣ್ಣಿನ ಗಿಡಗಳಲ್ಲಿ ಪಪ್ಪಾಯಿಯಷ್ಟು ಸೂಕ್ಷ್ಮ ಬೇರೆಯಿಲ್ಲ. ಒಂದೆರಡು ದಿನ ಬುಡದಲ್ಲಿ ನೀರು ನಿಂತರೆ ಕೊಳೆತು ಮುರಿಯುತ್ತದೆ. ಒಂದೂವರೆ ಅಡಿ ದಿಬ್ಬದ ಮೇಲೆಯೇ ನೆಡಿ, ಮಳೆಗೆ ಮೊದಲು ಬುಡಕ್ಕೆ ಕೊಳೆ ತಡೆಯುವ ಶೇ. 1ರ ಬೋರ್ಡೋ ದ್ರಾವಣ ಹೊಯ್ಯಿರಿ. 100 ಗ್ರಾಂ ಮೈಲುತುತ್ತ 5 ಲೀಟರ್ ನೀರಿಗೆ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರಿಗೆ, ಎರಡೂ ಪ್ಲಾಸ್ಟಿಕ್ ಬಕೆಟ್‌ನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಿ. ಹೊಳೆಯುವ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಅಂದು ಮಾಡಿದ್ದು ಅಂದೇ ಮುಗಿಯಬೇಕು.

ಮಾವಿಗೆ ಕಷ್ಟ ಮಳೆಗಾಲ ಮುಗಿದ ಮೇಲೆ. ಹೂ ಬರುವ ಹೊತ್ತಿಗೆ ಮೋಡ ಮುಸುಕಿ ಇಬ್ಬನಿ ಬಿದ್ದರೆ, ಅಂಕೋಲಾದ ಕರಿ ಈಶಾಡವಿರಲಿ ಅಂಗಳದ ಕಾಟುಮಾವಿರಲಿ, ಗೊಂಚಲಿಗೆ ಬೂದಿ ರೋಗ ಹತ್ತುತ್ತದೆ. ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂನಂತೆ ಗೊಂಚಲು ಹೊರಟಾಗ, ಹೂ ಬಿರಿಯುವ ಮೊದಲು, ಸಿಂಪಡಿಸಿ. ಹೂ ಅರಳಿದ ಮೇಲೆ ಜೇನಿನ ಕೆಲಸಕ್ಕೆ ಅಡ್ಡ ಹೋಗಬಾರದು.