ಮಾವನ ಲ್ಯಾಪ್‌ಟಾಪಿಗೆ ಡೆಬಿಯನ್

ಸಿದ್ದಾಪುರದ ಮಾವನಿಗೆ ಬೇಕಿದ್ದದ್ದು ಇಷ್ಟೇ: ಕನ್ನಡದಲ್ಲಿ ಟೈಪ್ ಮಾಡಲು ಬರಬೇಕು, ಇವತ್ತು ಇದ್ದ ಜಾಗದಲ್ಲೇ ನಾಳೆಯೂ ಎಲ್ಲ ಇರಬೇಕು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ ಅವರು ಮನೆಯಲ್ಲಿದ್ದ ಯಕ್ಷಗಾನ ಪ್ರಸಂಗಗಳ ಕೈಬರಹದ ಪ್ರತಿಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದಾರೆ. ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ಮೆಮೊರಿ. ಅದರಲ್ಲಿದ್ದ ಸಿಸ್ಟಮ್‌ಗೆ ಸುರಕ್ಷತೆಯ ಅಪ್‌ಡೇಟ್ ಬರುವುದು ನಿಂತಿತ್ತು. 2025ರ ದೊಡ್ಡಹಬ್ಬಕ್ಕೆ ನಾನು ಊರಿಗೆ ಹೋದಾಗ, "ನಿಂಗೆ ಯಾವ್ದು ಇಷ್ಟವೋ ಅದನ್ನೇ ಹಾಕಿಕೊಡು ಮಾರಾಯ" ಅಂದರು.

ನನಗೆ ಯಾವುದು ಇಷ್ಟ? ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ, ಆದರೆ ಪುಕ್ಕಟೆ ಸಿಗುವ ಲಿನಕ್ಸ್ ಬಳಸಲು ಶುರುಮಾಡಿ ವರ್ಷಗಳೇ ಆಗಿದ್ದರೂ ಇದನ್ನು ಕೂತು ಯೋಚಿಸಿರಲಿಲ್ಲ. ಲಿನಕ್ಸಿನ ಹಲವು ರೂಪಗಳಲ್ಲಿ ಒಂದಾದ ಉಬುಂಟು 2004ರಲ್ಲಿ ಬಂದ ಹೊಸತರಲ್ಲಿ ಕೇಳಿದವರಿಗೆಲ್ಲ ಸಿಡಿಯನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. ನನಗೂ ಬಂದಿತ್ತು. ಒಂದು ಪೈಸೆ ಕೇಳದೆ, ಇದನ್ನು ಸ್ನೇಹಿತರಿಗೂ ಹಂಚಿ ಎನ್ನುವ ಸಾಫ್ಟ್‌ವೇರ್ ಲೋಕದಲ್ಲಿದೆ ಎಂದು ಗೊತ್ತಾದ ಆ ಖುಷಿಯಲ್ಲೇ ಅದಕ್ಕೆ ಅಂಟಿಕೊಂಡವನು ನಾನು.

ಹಬ್ಬದ ಮರುದಿನ ಒಂದೇ ಪೆನ್‌ಡ್ರೈವಿನಿಂದ ಹಲವು ಸಿಸ್ಟಮ್ ನಡೆಸಲು ಬಿಡುವ ವೆಂಟಾಯ್ ಹಾಕಿ, ಲಿನಕ್ಸಿನದೇ ಬೇರೆ ಬೇರೆ ರೂಪಗಳಾದ ಮಿಂಟ್, ಫೆಡೋರಾ, ಡೆಬಿಯನ್ ಮೂರರ ಐಎಸ್‌ಒ ಫೈಲುಗಳನ್ನೂ (ಇಡೀ ಸಿಸ್ಟಮ್ ಅಡಕವಾದ ಫೈಲುಗಳು) ತುಂಬಿದೆ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದಾದ್ದರಿಂದ ಡಿಸ್ಕಿನಲ್ಲಿದ್ದ ಪ್ರಸಂಗಗಳಿಗೆ ಏನೂ ಆಗುವ ಭಯವಿರಲಿಲ್ಲ. ಪರೀಕ್ಷಕರು ಮಾವನೇ. ಅವರ ಬೆರಳುಗಳು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಕೀಲಿಮಣೆಗೆ ಪಳಗಿದವು, ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬೆಳೆದು ಬಂದ ಆ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ ಎಫ್ ಒತ್ತಬೇಕು. ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ಐಬಸ್ ಜೊತೆಗೆ ಎಂ17ಎನ್ ಹಾಕಿಕೊಂಡರೆ ಕಗಪ ಎಂದು ಕರೆಯುವ ಇದೇ ವಿನ್ಯಾಸ ಸಿಗುತ್ತದೆ.

"ಇದ್ರಲ್ಲೂ ಎಫ್ ಒತ್ತಿದ್ರೆ ಒತ್ತು ಬರ್ತದೇನೋ?"

"ಒತ್ತಿ ನೋಡಿ ಮಾವ."

ಸಿ, ಕೆ, ಎಫ್, ಆರ್. ಪರದೆಯ ಮೇಲೆ 'ಚಕ್ರ' ಮೂಡಿತು. ಅಲ್ಲಿಂದ ಮುಂದೆ ಅವರನ್ನು ಹಿಡಿಯುವವರಿಲ್ಲ. ಅಭಿಮನ್ಯು ಕಾಳಗದ ಪದ್ಯವೊಂದನ್ನು ಬಾಯಿಪಾಠದಿಂದಲೇ ಟೈಪ್ ಮಾಡಿದರು, ಮೂರೂ ಸಿಸ್ಟಮ್‌ಗಳಲ್ಲಿ. ಅರ್ಕಾವತ್ತು, ಮೂರು ವ್ಯಂಜನ ಕೂಡಿದ ಒತ್ತುಗಳು, ಎಲ್ಲವೂ ಮೂರರಲ್ಲೂ ಸರಿಯಾಗಿಯೇ ಬಂದವು. ಬರಲೇಬೇಕು. ಕನ್ನಡದ ಅಕ್ಷರಗಳನ್ನು ಕೂಡಿಸಿ ಪರದೆಗೆ ತರುವ ಹಾರ್ಫ್‌ಬಜ್ ಮೂರಕ್ಕೂ ಒಂದೇ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಕೂಡ ಅವವೇ. ಹೊರನೋಟದ ಚಂದವನ್ನು ಬೇಕಾದಂತೆ ಬದಲಿಸಿಕೊಳ್ಳಬಹುದು. ಹಾಗಿದ್ದ ಮೇಲೆ ನಾನು ಆರಿಸುತ್ತಿರುವುದು ಏನನ್ನು? ಅದನ್ನು ಕಟ್ಟುವವರನ್ನು, ಅವರ ನಡಿಗೆಯ ವೇಗವನ್ನು. ಇದು ನನಗೆ ನಿಚ್ಚಳವಾದದ್ದು ಅವತ್ತೇ.

ಫೆಡೋರಾ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುತ್ತದೆ, ಒಂದೊಂದಕ್ಕೂ ಸುಮಾರು 13 ತಿಂಗಳ ಬೆಂಬಲ. ಹೊಸ ತಂತ್ರಜ್ಞಾನ ಬೇಗ ಕೈಗೆ ಸಿಗಬೇಕು ಎನ್ನುವವರಿಗೆ ಅದು ಸರಿ, ಮಾವನಿಗಲ್ಲ. ಮಿಂಟ್ ಬಿಡಲು ಮಾತ್ರ ಮನಸ್ಸು ಬರಲಿಲ್ಲ. ಹೊಸಬರಿಗೆ ಅದರಷ್ಟು ಅಕ್ಕರೆಯಿಂದ ಮಾಡಿದ ಸಿಸ್ಟಮ್ ಇನ್ನೊಂದನ್ನು ನಾನು ನೋಡಿಲ್ಲ. ಆದರೆ ಮಿಂಟಿನ ಮುಖ್ಯ ಆವೃತ್ತಿ ನಿಂತಿರುವುದು ಉಬುಂಟು ಮೇಲೆ, ಉಬುಂಟು ನಿಂತಿರುವುದು ಡೆಬಿಯನ್ ಮೇಲೆ. ಬೇರು ಅಲ್ಲಿದೆ.

ಡೆಬಿಯನ್ ಶುರುವಾದದ್ದು 1993ರ ಆಗಸ್ಟ್ 16ರಂದು. ಶುರುಮಾಡಿದ ಇಯಾನ್ ಮರ್ಡಾಕ್ ಆಗಿನ್ನೂ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗ. ಇಂದಿಗೂ ಅದು ಯಾವ ಕಂಪನಿಯದ್ದೂ ಅಲ್ಲ. ಲೋಕದ ನಾನಾ ಕಡೆಯ ಸ್ವಯಂಸೇವಕರು ಕಟ್ಟುತ್ತಾರೆ, ತಮ್ಮ ಮುಂದಾಳನ್ನು ವರ್ಷಕ್ಕೊಮ್ಮೆ ಮತ ಹಾಕಿ ಆರಿಸುತ್ತಾರೆ. 2023ರಲ್ಲಿ ಅವರ ಸಮ್ಮೇಳನ ನಮ್ಮ ಪಕ್ಕದ ಕೊಚ್ಚಿಯಲ್ಲೇ ನಡೆಯಿತು. 1997ರಲ್ಲಿ ಅವರು ಒಪ್ಪಿಕೊಂಡ ಸಾಮಾಜಿಕ ಒಪ್ಪಂದವನ್ನು ಮಾವನಿಗೆ ಓದಿ ಹೇಳಿದೆ: ಸಿಸ್ಟಮ್ ಪೂರ್ತಿ ಮುಕ್ತವಾಗಿಯೇ (ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದಂತೆ) ಇರುತ್ತದೆ, ಸಮಸ್ಯೆಗಳನ್ನು ಮುಚ್ಚಿಡುವುದಿಲ್ಲ, ಬಳಸುವವರು ಮತ್ತು ಮುಕ್ತ ತಂತ್ರಾಂಶ ಇವೆರಡೇ ನಮಗೆ ಮೊದಲು. ಮಾವ ಗಮನವಿಟ್ಟು ಕೇಳಿ, "ಯಜಮಾನರಿಲ್ಲದೆ ಕಲಾವಿದರೇ ಸೇರಿ ಕಟ್ಟಿದ ಮೇಳ ಅನ್ನು" ಎಂದರು. ನಾನು ಇಷ್ಟು ಚೆನ್ನಾಗಿ ಹೇಳಲಾರೆ.

ನನಗೆ ಅದರ ಮೇಲೆ ಗೌರವ ಹೆಚ್ಚಿಸಿದ ಸಂಗತಿ ಇನ್ನೊಂದಿದೆ. ವೈಫೈ ಚಿಪ್‌ಗಳು ಕೆಲಸ ಮಾಡಲು ಬೇಕಾಗುವ ಫರ್ಮ್‌ವೇರ್ ಎಂಬ ಒಳತಂತ್ರಾಂಶ ಬಹಳಷ್ಟು ಸಲ ಮುಕ್ತವಾಗಿರುವುದಿಲ್ಲ. ಅದಕ್ಕೇ ಡೆಬಿಯನ್ ಅದನ್ನು ತನ್ನ ಅಧಿಕೃತ ಇನ್‌ಸ್ಟಾಲರಿನಿಂದ ಹೊರಗಿಟ್ಟಿತ್ತು. ಜನ ಬೇರೆಡೆ ಹುಡುಕಿ ತಂದುಕೊಳ್ಳಬೇಕಿತ್ತು. 2022ರಲ್ಲಿ ಇದನ್ನು ಮತಕ್ಕೆ ಹಾಕಿ, ಒಪ್ಪಂದಕ್ಕೇ ಒಂದು ಸಾಲು ಸೇರಿಸಿ, ಮರುವರ್ಷ ಬಂದ 12ನೇ ಆವೃತ್ತಿಯಿಂದ ಒಳಗೆ ತಂದರು. ತತ್ವ ಸಡಿಲಾಯಿತು ಎಂದು ಬೇಸರಪಟ್ಟವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಕದ್ದುಮುಚ್ಚಿ ಮಾಡದೆ ಎಲ್ಲರೆದುರು ವಾದಿಸಿ, ಮತ ಎಣಿಸಿ ಬದಲಾದದ್ದು ಅದು. ಮಾವನ ಲ್ಯಾಪ್‌ಟಾಪಿನ ವೈಫೈ ಅವತ್ತು ಏನೂ ಮಾಡದೆ ತಾನಾಗಿ ನಡೆಯಿತು.

ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟು, ಸಂಜೆಯೊಳಗೆ ಡೆಬಿಯನ್ 13ನ್ನು ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಜೊತೆ ಹಾಕಿದೆ. ಗುಬ್ಬಿ, ನವಿಲು ಎರಡೂ ಕನ್ನಡ ಫಾಂಟ್‌ಗಳು ಅದರ ಭಂಡಾರದಲ್ಲೇ ಇವೆ. ಮಾವ ನವಿಲು ಆರಿಸಿಕೊಂಡರು. ಒಂದು ಆವೃತ್ತಿಗೆ ಮೂರು ವರ್ಷದ ಬೆಂಬಲ, ಮೇಲೆ ಎರಡು ವರ್ಷ ಸುರಕ್ಷತೆಯ ಅಪ್‌ಡೇಟ್. ಅಷ್ಟು ಕಾಲ ಅವರ ಮೆನು ಇದ್ದಲ್ಲೇ ಇರುತ್ತದೆ. ಬೆಂಗಳೂರಿಗೆ ಮರಳಿದ ವಾರವೇ ನನ್ನ ಯಂತ್ರಕ್ಕೂ ಅದನ್ನೇ ಹಾಕಿಕೊಂಡೆ.

ಮಾವನ ಹಳೆಯ ನುಡಿ ಫೈಲುಗಳನ್ನು ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡಿಗೆ ಮಾರ್ಪಡಿಸುವ ಕೆಲಸ ನಡೆಯುತ್ತಿದೆ. ಮುಂದಿನ ಸಲ ಹೋದಾಗ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ಟೆಸೆರಾಕ್ಟಿನ ಕನ್ನಡ ಪ್ಯಾಕೇಜ್ ಹಾಕಿಕೊಡಬೇಕು. ಅಚ್ಚಾದ ಪ್ರಸಂಗ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಕ್ಷರವಾಗಿಸಬಹುದು ಎಂದು ಹೇಳಿದಾಗಿನಿಂದ ಅವರು ಪುಸ್ತಕ ಹೊಂದಿಸಿಟ್ಟುಕೊಂಡು ದಿನವೂ ಫೋನ್ ಮಾಡುತ್ತಿದ್ದಾರೆ.