'ಮಾಡೋಕೆ ನೋಡಿ' ಬೇರೆ, 'ಮಾಡಿ ನೋಡಿ' ಬೇರೆ

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಸಪೋರ್ಟ್ ಕೆಲ್ಸ ಮಾಡ್ತೀನಿ, ಕಸ್ಟಮರ್ಸ್ ಎಲ್ಲಾ ಇಂಗ್ಲೆಂಡಿನ ಕ್ಲಿನಿಕ್‌ಗಳು, ದಿನಾ ಟಿಕೆಟ್‌ಗೆ, ಅಂದ್ರೆ ಅವ್ರು ಬರೆದು ಕಳಿಸೋ ದೂರಿಗೆ, ಇಂಗ್ಲಿಷಲ್ಲೇ ಉತ್ರ ಬರೀಬೇಕು. ಸೇರಿದ ಹೊಸದರಲ್ಲಿ ಒಬ್ರು ಪ್ರಿಂಟ್ ಬರ್ತಿಲ್ಲ ಅಂತ ಟಿಕೆಟ್ ಹಾಕಿದ್ರು, ನಾನು 'ಪ್ಲೀಸ್ ಟ್ರೈ ಟು ರೀಸ್ಟಾರ್ಟ್ ದ ಸರ್ವರ್' ಅಂತ ಬರೆದೆ. ಅವ್ರು ಹೆದರಿಬಿಟ್ರು. ಯಾಕೆ, ರೀಸ್ಟಾರ್ಟ್ ಆಗದೇನೂ ಇರ್ಬಹುದಾ, ಮೊದ್ಲು ಬ್ಯಾಕಪ್ ತಗೋಬೇಕಾ ಅಂತ ವಾಪಸ್ ಕೇಳಿದ್ರು. ಎರಡು ನಿಮಿಷದ ಕೆಲ್ಸಕ್ಕೆ ಅರ್ಧ ದಿನ ಹೋಯ್ತು.

ಆಮೇಲೆ ನಮ್ಮ ಲೀಡ್ ಮೇಡಂ ಪಕ್ಕದ ಕಿಟಕಿ ತೋರಿಸಿ ಹೇಳಿದ್ರು, 'ಕಿಟಕಿ ತೆಗೆಯೋಕೆ ನೋಡು' ಅಂದ್ರೇನು, 'ಕಿಟಕಿ ತೆಗೆದು ನೋಡು' ಅಂದ್ರೇನು? ಮೊದಲನೇದ್ರಲ್ಲಿ ಕಿಟಕಿ ಬಿಗಿಯಾಗಿದೆ, ಬರುತ್ತೋ ಇಲ್ವೋ ಗೊತ್ತಿಲ್ಲ. ಎರಡನೇದ್ರಲ್ಲಿ ಕಿಟಕಿ ಸಲೀಸಾಗಿ ಬರುತ್ತೆ, ಸೆಕೆ ಕಮ್ಮಿ ಆಗುತ್ತಾ ಅನ್ನೋದಷ್ಟೇ ನೋಡ್ಬೇಕು. 'ಟ್ರೈ ಟು ಓಪನ್', 'ಟ್ರೈ ಓಪನಿಂಗ್' ಕೂಡ ಹಾಗೇನೇ. ಅಂದ್ರೆ ನಾನು ಬರೀಬೇಕಾಗಿದ್ದು 'ಟ್ರೈ ರೀಸ್ಟಾರ್ಟಿಂಗ್'. ಇಷ್ಟು ವರ್ಷ ಗ್ರಾಮರ್ ಓದಿದ್ರೂ ತಲೆಗೆ ಹೋಗದೇ ಇದ್ದಿದ್ದು ನಮ್ಮ 'ನೋಡು' ಇಂದ ಒಂದೇ ಸಲಕ್ಕೆ ಹೋಯ್ತು, ನಂಗೆ ಇವತ್ತಿಗೂ ಖುಷಿ ಅದು. ಮಾತಾಡುವಾಗ ಇಂಗ್ಲೆಂಡಿನವ್ರೂ ಎರಡನ್ನೂ ಕಲಸಿಬಿಡ್ತಾರೆ ಬಿಡಿ, ಆದ್ರೆ ಬರವಣಿಗೆಯಲ್ಲಿ ಕಸ್ಟಮರ್‌ಗೆ ಒಂದೊಂದು ಹೆಜ್ಜೆ ಹೇಳುವಾಗ ಈ ವ್ಯತ್ಯಾಸ ಬೇಕೇ ಬೇಕು.

'ಟ್ರೈ' ಬದಲು ಬಳಸೋ 'ಅಟೆಂಪ್ಟ್' ಸ್ವಲ್ಪ ಗಟ್ಟಿ ಪದ, ಪೇಪರಲ್ಲಿ ಬರೋ 'ಕೊಲೆ ಯತ್ನ' ಥರ, ಕೆಲ್ಸ ಕೈಗೂಡಿಲ್ಲ ಅನ್ನೋ ವಾಸನೆ ಇರುತ್ತೆ. ಮೂರು ಸಲ ಲಾಗಿನ್ ಫೇಲ್ ಆಯ್ತು ಅಂತ ಲೆಕ್ಕ ಕೊಡೋಕೆ ಅದು ಸರಿ.

'ಪ್ರಾಕ್ಟೀಸ್' ವಿಷಯದಲ್ಲಿ ಮಾತ್ರ ಕನ್ನಡವೇ ನಮ್ಮನ್ನ ದಾರಿ ತಪ್ಸುತ್ತೆ. ವೀಣೆ ಅಭ್ಯಾಸಾನೂ ಅಭ್ಯಾಸಾನೇ, ಬೆಳಗ್ಗೆ ಎದ್ದ ತಕ್ಷಣ ಕಾಫಿ ಕುಡಿಯೋದೂ ಅಭ್ಯಾಸಾನೇ, ಇಂಗ್ಲಿಷಲ್ಲಿ ಮೊದಲನೇದು ಪ್ರಾಕ್ಟೀಸ್, ಎರಡನೇದು ಹ್ಯಾಬಿಟ್. ಪ್ರಾಕ್ಟೀಸ್‌ಗೆ ಸ್ಪೆಲ್ಲಿಂಗ್ ತಲೆನೋವೂ ಇದೆ, ಇಂಗ್ಲೆಂಡಿನವ್ರಿಗೆ ಬರೆಯುವಾಗ ನಾಮಪದಕ್ಕೆ 'ಸಿ', ಕ್ರಿಯಾಪದಕ್ಕೆ 'ಎಸ್', ಅಮೆರಿಕದಲ್ಲಿ ಎರಡಕ್ಕೂ 'ಸಿ' ನೇ.

ಹೋದ ವಾರ ಹೊಸ ಹುಡುಗಿ ಒಬ್ಳು ಟಿಕೆಟ್ ತೋರಿಸಿ, 'ಅಣ್ಣಾ, ಪ್ರಾಕ್ಟೀಸ್ ಆರು ಗಂಟೆಗೆ ಮುಗಿಯುತ್ತೆ ಅಂತಿದಾರೆ, ಅವ್ರಿಗೆ ಏನೋ ಟ್ರೇನಿಂಗ್ ಇದ್ಯಾ?' ಅಂದ್ಲು. ಅಲ್ಲಿ ಡಾಕ್ಟರ ಕ್ಲಿನಿಕ್‌ಗೇ ಪ್ರಾಕ್ಟೀಸ್ ಅಂತಾರಮ್ಮ, ಆರರೊಳಗೆ ಕಾಲ್ ಮಾಡು ಅಂದೆ.