ಬೋರ್ಡ್ ಹಿಡಿದ ಹುಡುಗರು

ಇವತ್ತೂ ಅದೇ ಮಾತು ಕೇಳಿದೆ: 'ಹುಡುಗರು ಬೋರ್ಡ್ ಹಿಡಿದು ಬೀದಿಗಿಳಿದರೆ ಭೂಮಿ ತಣ್ಣಗಾಗುತ್ತಾ?' ಬೇಜಾರಾಯಿತು. 2018ರಲ್ಲಿ ಹವಾಮಾನ ಉಳಿಸಿ ಎಂದು ಸ್ವೀಡನ್ ಸಂಸತ್ತಿನ ಎದುರು ಒಬ್ಬಳೇ ಕೂತಾಗ ಗ್ರೆಟಾ ಥನ್‌ಬರ್ಗ್‌ಗೆ 15 ವರ್ಷ. ಆಮೇಲೂ ಹೊಗೆ ಜಾಸ್ತಿಯೇ ಆಗಿದೆ, ನಿಜ. ಆದರೆ ಸುಮ್ನೆ ಕೂಗಿ ಮನೆಗೆ ಹೋದವರಲ್ಲ ಇವರು. 2021ರಲ್ಲಿ ಜರ್ಮನಿಯ ಯುವಜನ ಕೋರ್ಟಿನಲ್ಲಿ ಗೆದ್ದರು. ಸರ್ಕಾರ ಹವಾಮಾನ ಕಾನೂನನ್ನೇ ತಿದ್ದಿತು, ಹೊಗೆಯನ್ನು ನಿವ್ವಳ ಸೊನ್ನೆಗೆ ಇಳಿಸುವ 2050ರ ಗಡುವು 2045ಕ್ಕೆ ಬಂತು.

ನನಗೆ ತುಂಬಾ ಹಿಡಿಸಿದ್ದು ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳ ಕಥೆ. ಹವಾಮಾನದ ಪ್ರಶ್ನೆ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಬೇಕು ಅಂತ 2019ರಲ್ಲಿ 27 ಮಂದಿ ತರಗತಿಯಲ್ಲಿ ಅಭಿಯಾನ ಶುರು ಮಾಡಿದರು. ಅಲ್ಲಿನ ಪುಟ್ಟ ದ್ವೀಪದೇಶ ವನುವಾಟುವಿನ ಸರ್ಕಾರ ಅವರ ಮಾತನ್ನು ವಿಶ್ವಸಂಸ್ಥೆಗೆ ಒಯ್ದಿತು. 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು: ಹವಾಮಾನ ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ. ಆರು ವರ್ಷ ಬಿಡದೆ ಹಿಡಿದರಲ್ವಾ! ಬೆಳಗ್ಗೆಯಿಂದ ಅವರದೇ ನೆನಪು.